ನಡೆಯುವ ಹೆಣಕ್ಕೆ ಭೂತಗನ್ನಡಿ

ಸತ್ತವನು ಗೋರಿಯನ್ನು ಸೀಳಿಕೊಂಡು ಎದ್ದು, ತೂರಾಡುತ್ತ ಊರೊಳಗೆ ಬರುವ ಕಥೆಯನ್ನು ಓದುವುದರಲ್ಲಿ ಒಂದು ವಿಚಿತ್ರವಾದ ಸುಖವುಂಟು. ಅದು ಕಟ್ಟುಕಥೆಯೆಂಬುದು ಓದುವವನಿಗೆ ಚೆನ್ನಾಗಿ ಗೊತ್ತು. ಆದರೂ ಪುಟವನ್ನು ಮಗುಚುವ ಬೆರಳು ಅರೆಕ್ಷಣ ತಡೆಯುತ್ತದೆ. ಎದೆ ಸ್ವಲ್ಪ ಬೇಗ ಬಡಿದುಕೊಳ್ಳುತ್ತದೆ. ಅಮೆರಿಕದ ಚಿತ್ರಕಥೆಗಳಲ್ಲಿ, ಎಂದರೆ ‘ಕಾಮಿಕ್ಸ್’ ಪುಸ್ತಕಗಳಲ್ಲಿ, ಈ ನಡೆಯುವ ಹೆಣಕ್ಕೆ ‘ಜಾಂಬಿ’ ಎಂದು ಹೆಸರು. ನಾವು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವರಾದರೂ ಜಾಂಬಿ ಕಥೆಗಳನ್ನು ಆಸಕ್ತಿಯಿಂದ ಓದುತ್ತೇವೆ. ಬಿಡುವು ದೊರೆತಾಗ ಆ ಪುಸ್ತಕಗಳ ಚಿತ್ರಗಳನ್ನು ದೊಡ್ಡದಾಗಿ, ಚುಕ್ಕೆ ಚುಕ್ಕೆಯಾಗಿ ಬರೆದು ನೋಡುತ್ತೇವೆ. ಈ ಎರಡನೆಯ ಹವ್ಯಾಸಕ್ಕೆ ‘ಪಾಪ್ ಆರ್ಟ್’ ಎಂಬ ಗೌರವದ ಹೆಸರಿದೆ. ಮೊದಲನೆಯದಕ್ಕೆ ಮಾತ್ರ ಕಾಲಹರಣವೆಂಬ ಹೆಸರೇ ಗಟ್ಟಿಯಾಗಿ ಉಳಿದಿದೆ.

ಇಂಥ ಪುಸ್ತಕಗಳನ್ನು ಓದುವ ಮಕ್ಕಳು ಕೆಟ್ಟುಹೋಗುತ್ತಾರೆ ಎಂಬ ಮಾತನ್ನು ವಾಚಕರಲ್ಲಿ ಹಲವರು ಕೇಳಿರಬಹುದು. ಅಮೆರಿಕದಲ್ಲಿ 1954ರಲ್ಲಿ ಈ ಮಾತು ಎಷ್ಟು ಬಲವಾಯಿತೆಂದರೆ, ನಡೆಯುವ ಹೆಣಗಳು ಚಿತ್ರಕಥೆಗಳಿಂದ ಗಡೀಪಾರಾದವು. ಆ ಮಾತಿಗೆ ಆಧಾರವಿತ್ತೆ? ಅದನ್ನು ವಿಚಾರಿಸುವ ಮೊದಲು, ಓದುವವರನ್ನು ಅಷ್ಟು ಹೆದರಿಸಿದ ಆ ಹೆಣ ಯಾವ ದ್ರವ್ಯದಿಂದ ಆದುದು ಎಂಬುದನ್ನು ನೋಡೋಣ. ಅದಕ್ಕೆ ಬೇಕಾದ ಉಪಕರಣ ಒಂದೇ. ಸಣ್ಣದನ್ನು ಭೂತಾಕಾರವಾಗಿ ತೋರಿಸುವ ಗಾಜಿಗೆ ಕನ್ನಡದಲ್ಲಿ ‘ಭೂತಗನ್ನಡಿ’ ಎನ್ನುತ್ತೇವಷ್ಟೆ. ನಮ್ಮ ಕೆಲಸಕ್ಕೆ ಇದಕ್ಕಿಂತ ಒಪ್ಪುವ ಹೆಸರು ಬೇರೆ ಸಿಕ್ಕದು.

ಜಾಂಬಿಯ ಹುಟ್ಟೂರು

ಜಾಂಬಿ ಹುಟ್ಟಿದುದು ಕೆರಿಬಿಯನ್ ಸಮುದ್ರದ ಹೈಟಿ ದೇಶದಲ್ಲಿ. 1804ರಲ್ಲಿ ಸ್ವತಂತ್ರವಾಗುವ ಮೊದಲು ಅದು ಫ್ರೆಂಚರ ವಸಾಹತಾಗಿತ್ತು. ಆಫ್ರಿಕದಿಂದ ಹಿಡಿದು ತಂದ ಗುಲಾಮರು ಅಲ್ಲಿನ ಕಬ್ಬಿನ ತೋಟಗಳಲ್ಲಿ ದುಡಿದು ಸಾಯುತ್ತಿದ್ದರು. ಅಲ್ಲಿಯ ಜನಪದ ನಂಬಿಕೆಯ ಪ್ರಕಾರ ಮಾಟಗಾರನು ಸತ್ತವನನ್ನು ಎಬ್ಬಿಸಿ, ಅವನಿಂದ ಮನಸ್ಸನ್ನೂ ಮಾತನ್ನೂ ಕಿತ್ತುಕೊಂಡು, ಹೊಲದ ದುಡಿಮೆಗೆ ಹಚ್ಚುತ್ತಾನೆ. ಅಂದರೆ ಹೈಟಿಯವರು ಹೆದರಿದುದು ಜಾಂಬಿ ತಮ್ಮನ್ನು ಹಿಡಿದೀತೆಂದಲ್ಲ, ತಾವೇ ಜಾಂಬಿಯಾದೇವೆಂದು. ಸಾವೂ ಬಿಡಿಸಲಾರದ ಜೀತದ ಭಯ ಅದು. ‘ಚಂದಮಾಮ’ದ ಪುಟಗಳಲ್ಲಿ ವಿಕ್ರಮಾರ್ಕನ ಹೆಗಲೇರಿದ ಬೇತಾಳವನ್ನು ಬಲ್ಲ ನಮಗೆ ಹೆಣದೊಳಗಿನ ಚೈತನ್ಯವೇನೂ ಹೊಸದಲ್ಲ. ಆದರೆ ಬೇತಾಳವು ಒಗಟು ಹಾಕಿ ರಾಜನನ್ನೇ ಸೋಲಿಸುವ ಬುದ್ಧಿವಂತ. ಜಾಂಬಿಗೆ ಬುದ್ಧಿಯೊಂದೇ ಇಲ್ಲ.

ಈ ನಂಬಿಕೆ ಅಮೆರಿಕವನ್ನು ಸೇರಿ ರೂಪಾಂತರ ಹೊಂದಿತು. 1950ರಲ್ಲಿ ಇ.ಸಿ. ಕಾಮಿಕ್ಸ್ ಎಂಬ ಪ್ರಕಾಶನದ ಒಡೆಯ ವಿಲಿಯಂ ಗೇನ್ಸ್ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’, ‘ದಿ ವಾಲ್ಟ್ ಆಫ್ ಹಾರರ್’, ‘ದಿ ಹಾಂಟ್ ಆಫ್ ಫಿಯರ್’ ಎಂಬ ಮೂರು ಭಯಾನಕ ಪತ್ರಿಕೆಗಳನ್ನು ಹೊರಡಿಸಿದನು. ಬೆಲೆ ಹತ್ತು ಸೆಂಟು. ಇವುಗಳಲ್ಲಿ ಕೊಲೆಯಾದವನು ಕೊಳೆತ ದೇಹದೊಡನೆ ಎದ್ದು ಬಂದು ಕೊಲೆಗಾರನ ಬಾಗಿಲು ತಟ್ಟುವುದು ಮತ್ತೆ ಮತ್ತೆ ಬರುವ ಕಥಾವಸ್ತು. ಗ್ರಹಾಂ ಇಂಗಲ್ಸ್ ಎಂಬ ಚಿತ್ರಕಾರ ಕೊಳೆತ ಹೆಣಗಳನ್ನು ಬರೆಯುವುದರಲ್ಲಿ ಎಷ್ಟು ಪ್ರವೀಣನಾಗಿದ್ದನೆಂದರೆ, ‘ಘೋರ’ ಎಂಬರ್ಥದ ‘ಗ್ಯಾಸ್ಟ್ಲಿ’ ಎಂಬ ಪದವನ್ನೇ ಸಹಿಯಾಗಿ ಹಾಕುತ್ತಿದ್ದನು. ಗುಂಪುಗುಂಪಾಗಿ ಬಂದು ಮನುಷ್ಯರನ್ನು ತಿನ್ನುವ ಇಂದಿನ ಜಾಂಬಿ ರೂಪುಗೊಂಡುದು ಇನ್ನೂ ಈಚೆಗೆ, ಜಾರ್ಜ್ ರೊಮೆರೊ 1968ರಲ್ಲಿ ತೆಗೆದ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ಚಲನಚಿತ್ರದಿಂದ.

ಇ.ಸಿ. ಪತ್ರಿಕೆಗಳ ಬಣ್ಣಗಳನ್ನು ಆರಿಸುವ ಹೊಣೆ ಮರಿ ಸೆವೆರಿನ್ ಎಂಬ ಮಹಿಳೆಯದಾಗಿತ್ತು. ಇಂಗಲ್ಸನ ಕಪ್ಪು ಗೆರೆಯ ಹೆಣಕ್ಕೆ ಹೆಣದ ಮೈಬಣ್ಣ ಹೇಗೆ ಬರುತ್ತಿತ್ತು? ಇನ್ನು ಭೂತಗನ್ನಡಿಯನ್ನು ಕೈಗೆತ್ತಿಕೊಳ್ಳಬಹುದು.

ಚುಕ್ಕೆಗಳ ಸಂತೆ

ಆ ಕಾಲದ ಚಿತ್ರಕಥೆಯ ಪುಟವೊಂದನ್ನು ಭೂತಗನ್ನಡಿಯ ಕೆಳಗೆ ಹಿಡಿದರೆ ಜಾಂಬಿಯ ಕೆನ್ನೆ ಮಾಯವಾಗುತ್ತದೆ. ಅದರ ಸ್ಥಳದಲ್ಲಿ ಸಾಲುಸಾಲಾದ ಚುಕ್ಕೆಗಳು ಕಾಣುತ್ತವೆ. ಹಳದಿ ಚುಕ್ಕೆ, ಕೆಂಪು ಚುಕ್ಕೆ, ನೀಲಿ ಚುಕ್ಕೆ, ನಡುವೆ ಬಿಳಿಯ ಕಾಗದ, ಇಷ್ಟೇ. ಹಸಿರು ಮಸಿಯಾಗಲಿ ಕಂದು ಮಸಿಯಾಗಲಿ ಅಲ್ಲಿ ಇರುವುದಿಲ್ಲ.

ಅಚ್ಚಿನ ಯಂತ್ರಕ್ಕೆ ಒಂದು ಸಂಕಟವುಂಟು. ಮಸಿಯನ್ನು ಹಚ್ಚಬೇಕು, ಇಲ್ಲವೆ ಬಿಡಬೇಕು. ತೆಳುವಾಗಿ ಹಚ್ಚುವುದು ಅದಕ್ಕೆ ಬಾರದು. ಚಿತ್ರಗಾರನು ಬಣ್ಣಕ್ಕೆ ನೀರು ಬೆರೆಸಿ ತಿಳಿಗೊಳಿಸುವಂತೆ ಯಂತ್ರ ಮಾಡಲಾರದು. ಆದುದರಿಂದ ತಿಳಿಬಣ್ಣ ಬೇಕಾದಾಗ ಗಾಢವಾದ ಮಸಿಯನ್ನೇ ಸಣ್ಣ ಚುಕ್ಕೆಗಳಾಗಿ ಒಡೆದು, ನಡುನಡುವೆ ಕಾಗದದ ಬಿಳುಪನ್ನು ಉಳಿಸುವ ಉಪಾಯವನ್ನು ಮುದ್ರಕರು ಕಂಡುಕೊಂಡರು. ನ್ಯೂಯಾರ್ಕಿನ ಬೆಂಜಮಿನ್ ಡೇ ಎಂಬ ಚಿತ್ರಕಾರ ಮುದ್ರಕನು 1879ರಲ್ಲಿ ಇಂಥ ಚುಕ್ಕೆಗಳನ್ನು ಅಚ್ಚಿನ ಫಲಕಕ್ಕೆ ಸುಲಭವಾಗಿ ಇಳಿಸುವ ವಿಧಾನಕ್ಕೆ ಪೇಟೆಂಟು ಪಡೆದನು. ‘ಬೆನ್-ಡೇ ಚುಕ್ಕೆ’ ಎಂಬ ಹೆಸರು ಅವನಿಂದಲೇ ಬಂದುದು.

ಚಿತ್ರಕಥೆಯ ಮುದ್ರಣದಲ್ಲಿ ಕಪ್ಪನ್ನು ಬಿಟ್ಟರೆ ಮೂರೇ ಮಸಿಗಳು. ಮುದ್ರಕನ ಕೆಂಪು ವಾಸ್ತವವಾಗಿ ಗುಲಾಬಿ ಛಾಯೆಯ ‘ಮಜೆಂಟ’. ಅವನ ನೀಲಿ ಆಕಾಶವರ್ಣಕ್ಕೆ ಹತ್ತಿರವಾದ ‘ಸಯಾನ್’. ಒಂದೊಂದು ಮಸಿಯನ್ನೂ ನಾಲ್ಕು ಪ್ರಮಾಣಗಳಲ್ಲಿ ಬಳಸುವುದು ರೂಢಿಯಾಗಿತ್ತು: ಏನೂ ಇಲ್ಲ, ಶೇಕಡ 25, ಶೇಕಡ 50, ಪೂರ್ತಿ. ನಾಲ್ಕನ್ನು ನಾಲ್ಕರಿಂದ, ಮತ್ತೆ ನಾಲ್ಕರಿಂದ ಗುಣಿಸಿದರೆ 64. ಎಂದರೆ ಚಿತ್ರಕಥೆಯ ಇಡೀ ಪ್ರಪಂಚ, ಅದರ ಆಕಾಶ, ಬೆಂಕಿ, ರಕ್ತ, ಹೆಣ ಎಲ್ಲವೂ 64 ಬಣ್ಣಗಳಲ್ಲಿ ಮುಗಿಯುತ್ತಿತ್ತು.

ಬದುಕಿಗೂ ಸಾವಿಗೂ ನಡುವೆ

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಆ ಚಿತ್ರಕಥೆಗಳಲ್ಲಿ ಬದುಕಿರುವ ಬಿಳಿಯ ಮನುಷ್ಯನ ಮೈಬಣ್ಣಕ್ಕೆ ಶೇಕಡ 25 ಹಳದಿ, ಶೇಕಡ 25 ಕೆಂಪು ಎಂದು ಗೊತ್ತುಮಾಡುತ್ತಿದ್ದರು. ಕಾಗದದ ಒಂದು ತುಣುಕನ್ನು ಹದಿನಾರು ಪಾಲು ಎಂದಿಟ್ಟುಕೊಳ್ಳಿ. ಹಳದಿ ಅದರ ಕಾಲು ಭಾಗವನ್ನು, ಎಂದರೆ ನಾಲ್ಕು ಪಾಲನ್ನು ಆವರಿಸುತ್ತದೆ. ಕೆಂಪು ಚುಕ್ಕೆಗಳು ಇದನ್ನು ಲೆಕ್ಕಿಸದೆ ತಮ್ಮಷ್ಟಕ್ಕೆ ತಾವು ಕಾಲು ಭಾಗದಲ್ಲಿ ಬೀಳುತ್ತವೆ. ಹಳದಿಯಿರುವ ಕಡೆಯಲ್ಲೂ ಕಾಲು, ಇಲ್ಲದ ಕಡೆಯಲ್ಲೂ ಕಾಲು. ಹಾಗಾದರೆ ಒಂಬತ್ತು ಪಾಲು ಬಿಳುಪು, ಮೂರು ಪಾಲು ಬರಿಯ ಹಳದಿ, ಮೂರು ಪಾಲು ಬರಿಯ ಕೆಂಪು, ಒಂದು ಪಾಲಿನಲ್ಲಿ ಒಂದರ ಮೇಲೊಂದು. 9:3:3:1. ಜೀವವಿಜ್ಞಾನದ ವಿದ್ಯಾರ್ಥಿಗಳು ಈ ಸಂಖ್ಯೆಗಳನ್ನು ಕಂಡ ಕೂಡಲೆ ಗುರುತಿಸುವರು. ಮೆಂಡೆಲನ ಬಟಾಣಿ ಗಿಡಗಳ ಪ್ರಮಾಣವೂ ಇದೇ. ಇದು ಆಕಸ್ಮಿಕವಲ್ಲ. ಒಂದನ್ನೊಂದು ಅವಲಂಬಿಸದ ಎರಡು ‘ಕಾಲು ಭಾಗ’ದ ಸಂಭವಗಳು ಎಲ್ಲಿ ಕೂಡಿದರೂ, ಬಟಾಣಿಯಲ್ಲಾಗಲಿ ಮಸಿಯಲ್ಲಾಗಲಿ, ಹುಟ್ಟುವ ಪ್ರಮಾಣ ಇದೇ.

ಈ ಚುಕ್ಕೆಗಳು ಹೀಗೆ ಸ್ವತಂತ್ರವಾಗಿ ಬೀಳಬೇಕಾದರೆ ಒಂದೊಂದು ಬಣ್ಣದ ಸಾಲನ್ನೂ ಬೇರೆ ಬೇರೆ ಕೋನಕ್ಕೆ ಓರೆ ಮಾಡಿರಬೇಕು. ಕೋನಗಳು ಸರಿಹೊಂದದಿದ್ದರೆ, ಸೊಳ್ಳೆಪರದೆಯ ಎರಡು ಪದರಗಳನ್ನು ಒಂದರ ಮೇಲೊಂದು ಹಿಡಿದಾಗ ಅಲೆಅಲೆಯಾದ ಪಟ್ಟೆಗಳು ಮೂಡುವಂತೆ, ಚಿತ್ರದ ಮೇಲೆಲ್ಲ ಬೇಡದ ಅಲೆಗಳು ಏಳುತ್ತವೆ.

ಈಗ ಕೆಂಪು ಫಲಕವನ್ನು ತೆಗೆದು ಅದರ ಸ್ಥಳದಲ್ಲಿ ಶೇಕಡ 25 ನೀಲಿಯನ್ನು ಇಡಿ. ಪ್ರಮಾಣ ಅದೇ 9:3:3:1. ಆದರೆ ಹಳದಿಯೂ ನೀಲಿಯೂ ಕೂಡಿದೆಡೆ ಹಸಿರು. ಒಟ್ಟಿನಲ್ಲಿ ಮುಖ ಹಸಿರಾಗಿ ಬಿಳಿಚಿಕೊಳ್ಳುತ್ತದೆ. ಮನುಷ್ಯ ಜಾಂಬಿಯಾದನು! ಕೆಂಪನ್ನು ತೆಗೆಯದೆ ನೀಲಿಯನ್ನೂ ಸೇರಿಸಿದರೆ ಮೂರೂ ಸಮಪ್ರಮಾಣದಲ್ಲಿ ಬೆರೆತು ಮುಖ ಬೂದಿಯ ಬಣ್ಣಕ್ಕೆ ತಿರುಗುತ್ತದೆ. ಚಿತ್ರಕಥೆಯ ಪುಟದಲ್ಲಿ ಬದುಕಿಗೂ ಸಾವಿಗೂ ಇರುವ ಅಂತರ ಶೇಕಡ 25 ನೀಲಿ.

ಇದರಲ್ಲಿ ಭೌತವಿಜ್ಞಾನದ ಸ್ವಾರಸ್ಯವೊಂದಿದೆ. ಮಸಿ ಬಣ್ಣವನ್ನು ಸೇರಿಸುವುದಿಲ್ಲ, ಕಳೆಯುತ್ತದೆ. ಕಾಗದದಿಂದ ಮರಳುವ ಬಿಳಿಯ ಬೆಳಕಿನಲ್ಲಿ ಹಳದಿ ಮಸಿ ನೀಲಿಯನ್ನು ನುಂಗುತ್ತದೆ. ಮಜೆಂಟ ಹಸಿರನ್ನು ನುಂಗುತ್ತದೆ. ಸಯಾನ್ ಕೆಂಪನ್ನು ನುಂಗುತ್ತದೆ. ನಮ್ಮ ಚರ್ಮದ ಕೆಳಗೆ ಹರಿಯುವ ರಕ್ತದ ಹೀಮೊಗ್ಲೋಬಿನ್ ಮಾಡುವ ಕೆಲಸವೂ ಇಂಥದೇ. ಅದು ಹಸಿರು ಬೆಳಕನ್ನು ಬಲವಾಗಿ ಹೀರಿ ಕೆಂಪನ್ನು ಹಿಂದಿರುಗಿಸುತ್ತದೆ. ಆದ್ದರಿಂದ ಅಚ್ಚಿನಲ್ಲಿ ಮಜೆಂಟ ಫಲಕವನ್ನು ತೆಗೆಯುವುದೆಂದರೆ ಮುಖದಿಂದ ರಕ್ತವನ್ನೇ ತೆಗೆದಂತೆ. ಇನ್ನು ಹಸಿರೂ ಕೇವಲ ಕಲ್ಪನೆಯಲ್ಲ. ಸತ್ತ ಒಂದೆರಡು ದಿನಗಳಲ್ಲಿ ದೇಹದೊಳಗಿನ ಬ್ಯಾಕ್ಟೀರಿಯಗಳು ಬಿಡುಗಡೆ ಮಾಡುವ ಗಂಧಕದ ಸಂಯುಕ್ತಗಳು ಹೀಮೊಗ್ಲೋಬಿನ್ನಿನೊಡನೆ ಸೇರಿ, ಮೊದಲು ಹೊಟ್ಟೆಯ ಕೆಳಭಾಗದ ಚರ್ಮದಲ್ಲಿ ಹಸಿರು ಛಾಯೆಯನ್ನು ಮೂಡಿಸುತ್ತವೆ. 64 ಬಣ್ಣಗಳ ಬಡತನದಲ್ಲಿಯೂ ಚಿತ್ರಕಥೆಗಳು ಶವಪರೀಕ್ಷೆಯ ಸತ್ಯಕ್ಕೆ ಇಷ್ಟು ಹತ್ತಿರ ಬಂದಿದ್ದುವು.

ಕಣ್ಣಿನ ಎಲ್ಲೆ

ಅದೇನೋ ಸರಿ, ಚುಕ್ಕೆಗಳಾಗಿ ಬಿದ್ದ ಮಸಿ ಮುಖವಾಗಿ ಕಾಣುವುದೇಕೆ? ಇದಕ್ಕೆ ಉತ್ತರ ಕಾಗದದಲ್ಲಿಲ್ಲ, ಕಣ್ಣಿನಲ್ಲಿದೆ.

ಒಳ್ಳೆಯ ಬೆಳಕಿನಲ್ಲಿ ಆರೋಗ್ಯವಂತ ಕಣ್ಣು ಬೇರ್ಪಡಿಸಿ ನೋಡಬಲ್ಲ ಅತಿ ಸಣ್ಣ ಕೋನ ಸುಮಾರು ಒಂದು ಮಿನಿಟು, ಎಂದರೆ ಒಂದು ಡಿಗ್ರಿಯ ಅರವತ್ತನೆಯ ಒಂದು ಪಾಲು. ಪಾಪೆಯ ಮೂಲಕ ಹೊಗುವ ಬೆಳಕು ಅಲೆಯ ಸ್ವಭಾವದಿಂದಾಗಿ ಸ್ವಲ್ಪ ಹರಡುತ್ತದೆ. ಎರಡೂವರೆ ಮಿಲಿಮೀಟರು ಅಗಲದ ಪಾಪೆಗೆ ಈ ಹರಡುವಿಕೆಯೂ ಸುಮಾರು ಒಂದು ಮಿನಿಟೇ. ಅಕ್ಷಿಪಟದ ನಡುವಣ ಗುಳಿಯಲ್ಲಿ ಬೆಳಕನ್ನು ಗ್ರಹಿಸುವ ಶಂಕುಕೋಶಗಳು ಅರ್ಧ ಮಿನಿಟಿಗೆ ಒಂದರಂತೆ ಒತ್ತಾಗಿ ಕುಳಿತಿವೆ. ಎರಡು ಚುಕ್ಕೆಗಳು ಬೇರೆ ಎಂದು ತಿಳಿಯಬೇಕಾದರೆ, ಅವುಗಳ ಬಿಂಬ ಬಿದ್ದ ಎರಡು ಕೋಶಗಳ ನಡುವೆ ಬಿಂಬ ಬೀಳದ ಕೋಶ ಒಂದಾದರೂ ಇರಬೇಕು. ಅಲ್ಲಿಗೂ ಲೆಕ್ಕ ಒಂದು ಮಿನಿಟಿಗೇ ಬಂದು ನಿಲ್ಲುತ್ತದೆ. ಬೆಳಕಿನ ಸ್ವಭಾವ, ಕಣ್ಣಿನ ರಚನೆ ಎರಡೂ ಒಂದೇ ಎಲ್ಲೆಯಲ್ಲಿ ಸಂಧಿಸುತ್ತವೆ.

ಯಾವುದೇ ವಸ್ತುವನ್ನು ಅದರ ಅಳತೆಯ ಸುಮಾರು 3,400 ಪಟ್ಟು ದೂರದಲ್ಲಿಟ್ಟರೆ ಅದು ಒಂದು ಮಿನಿಟು ಕೋನವನ್ನು ಮಾಡುತ್ತದೆ. ಅಗ್ಗದ ಕಾಗದದ ಚಿತ್ರಕಥೆಯಲ್ಲಿ ಅಂಗುಲಕ್ಕೆ ಅರವತ್ತು ಸಾಲು ಚುಕ್ಕೆಗಳಿವೆ ಎನ್ನೋಣ. ಒಂದು ಚುಕ್ಕೆಯ ನಡುವಿನಿಂದ ಮುಂದಿನ ಚುಕ್ಕೆಯ ನಡುವಿಗೆ ಆಗ 0.42 ಮಿಲಿಮೀಟರು. ಇದನ್ನು 3,400ರಿಂದ ಗುಣಿಸಿದರೆ ಸುಮಾರು 1.4 ಮೀಟರು. ಚುಕ್ಕೆಗಳು ಪೂರ್ತಿ ಕಾಣದಂತಾಗಬೇಕಾದರೆ ಪುಸ್ತಕ ಇಷ್ಟು ದೂರದಲ್ಲಿರಬೇಕು. ಆದರೆ ನಾವು ಪುಸ್ತಕವನ್ನು ಹಿಡಿಯುವುದು 30 ಸೆಂಟಿಮೀಟರಿನಲ್ಲಿ! ಹಾಗಾದರೆ ಲೆಕ್ಕ ತಪ್ಪಿತೆ?

ತಪ್ಪಲಿಲ್ಲ. ಕಣ್ಣಿಗೆ ಎಲ್ಲೆ ಒಂದೇ ಅಲ್ಲ, ಎರಡುಂಟು. ಕಪ್ಪುಬಿಳುಪಿನ ವ್ಯತ್ಯಾಸವನ್ನು ಅದು ಒಂದು ಮಿನಿಟಿನವರೆಗೆ ಗುರುತಿಸಬಲ್ಲದು; ಬಣ್ಣ ಬಣ್ಣಗಳ ವ್ಯತ್ಯಾಸದಲ್ಲಿ ಇಷ್ಟು ಚುರುಕಲ್ಲ, ಅದರ ಎಲ್ಲೆ ಸುಮಾರು ಐದು ಮಿನಿಟು. ಐದು ಮಿನಿಟಿಗೆ ದೂರ ಅಳತೆಯ 700 ಪಟ್ಟು ಸಾಕು, 0.42 ಮಿಲಿಮೀಟರಿಗೆ ಅದು 29 ಸೆಂಟಿಮೀಟರು. ಓದುವ ದೂರವೇ ಅದು! ಎಂದರೆ ಚಿತ್ರಕಥೆಯನ್ನು ಕೈಯಲ್ಲಿ ಹಿಡಿದಾಗ ಬಣ್ಣಗಳು ಆಗಲೇ ಬೆರೆತಿರುತ್ತವೆ. ಚುಕ್ಕೆಗಳ ನಸುನೆರಳು ಮಾತ್ರ ಕಂಡೂ ಕಾಣದಂತೆ ಉಳಿದಿರುತ್ತದೆ. ಆ ಹಳೆಯ ಪುಟಗಳಿಗೆ ಒಂದು ಬಗೆಯ ನಡುಕ, ಒಂದು ಬಗೆಯ ಒರಟು ಜೀವಂತಿಕೆ ಬಂದಿರುವುದು ಈ ಎರಡು ಎಲ್ಲೆಗಳ ನಡುವೆ ಅವು ಸಿಕ್ಕಿಕೊಂಡಿರುವುದರಿಂದ. ಹಳದಿ ಚುಕ್ಕೆಗಳು ಎಲ್ಲಕ್ಕಿಂತ ಮೊದಲು ಮರೆಯಾಗುತ್ತವೆ. ಬಿಳಿಯ ಕಾಗದಕ್ಕೂ ಹಳದಿಗೂ ಉಜ್ವಲತೆಯಲ್ಲಿ ಹೆಚ್ಚು ಅಂತರವಿಲ್ಲ, ಹಳದಿ ನುಂಗುವ ನೀಲಿ ಬೆಳಕನ್ನು ಗ್ರಹಿಸುವ ಶಂಕುಕೋಶಗಳಾದರೋ ಅಕ್ಷಿಪಟದಲ್ಲಿ ಬಹಳ ವಿರಳ.

ಇಂದಿನ ಮುದ್ರಣದಲ್ಲಿ ಚುಕ್ಕೆಗಳು ತುಂಬ ಸಣ್ಣವು. ಅಂಗುಲಕ್ಕೆ 400 ಚುಕ್ಕೆಗಳಿರುವ ಮೊಬೈಲಿನ ತೆರೆಯಲ್ಲಿ ಒಂದೊಂದರ ಅಂತರ 0.06 ಮಿಲಿಮೀಟರು, 22 ಸೆಂಟಿಮೀಟರು ದೂರದಲ್ಲಿಯೇ ಕಪ್ಪುಬಿಳುಪಿನ ಎಲ್ಲೆಯೂ ದಾಟಿಹೋಗುತ್ತದೆ.

ಗಡೀಪಾರಾದ ಹೆಣ, ಗೋಡೆಯೇರಿದ ಚುಕ್ಕೆ

ಇನ್ನು 1954ರ ಸಂಗತಿಗೆ ಬರೋಣ. ಆ ವರ್ಷ ಫ್ರೆಡ್ರಿಕ್ ವರ್ಥಮ್ ಎಂಬ ಮನೋವೈದ್ಯ ‘ಸಿಡಕ್ಷನ್ ಆಫ್ ದಿ ಇನೊಸೆಂಟ್’ ಎಂಬ ಗ್ರಂಥವನ್ನು ಪ್ರಕಟಿಸಿ, ಬಾಲಾಪರಾಧಕ್ಕೆ ಚಿತ್ರಕಥೆಗಳು ಕಾರಣವೆಂದು ಸಾರಿದನು. ಏಪ್ರಿಲ್ ತಿಂಗಳಲ್ಲಿ ಅಮೆರಿಕದ ಸೆನೆಟ್ಟಿನ ಉಪಸಮಿತಿ ನ್ಯೂಯಾರ್ಕಿನಲ್ಲಿ ವಿಚಾರಣೆ ನಡೆಸಿತು. ವರ್ಥಮನೂ ಗೇನ್ಸನೂ ಒಂದೇ ದಿನ ಸಾಕ್ಷ್ಯ ನುಡಿದರು. ಸರಕಾರ ಕಾನೂನು ಮಾಡುವ ಮೊದಲೇ ಹೆದರಿದ ಪ್ರಕಾಶಕರು ತಾವಾಗಿ ಒಂದು ನಿಯಮಾವಳಿಯನ್ನು ರಚಿಸಿಕೊಂಡರು. ನಡೆಯುವ ಹೆಣ, ರಕ್ತ ಹೀರುವ ಪಿಶಾಚಿ, ತೋಳಮಾನವ ಇವೆಲ್ಲ ಅದರಲ್ಲಿ ನಿಷಿದ್ಧ. ನಿಯಮಾವಳಿಯ ಮುದ್ರೆಯಿಲ್ಲದ ಪುಸ್ತಕವನ್ನು ಹಂಚುವವರು ಮುಟ್ಟಲೊಲ್ಲರು. 1955ರ ಹೊತ್ತಿಗೆ ‘ಟೇಲ್ಸ್ ಫ್ರಮ್ ದಿ ಕ್ರಿಪ್ಟ್’ ನಿಂತುಹೋಯಿತು.

ಚಿತ್ರಕಥೆಗಳಲ್ಲಿ ಉಳಿದುದು ಪ್ರೇಮ, ಯುದ್ಧ, ಮಹಾವೀರರು, ಹಾಸ್ಯ. ಸರಿಯಾಗಿ ಈ ಕಾಲದಲ್ಲಿ ಒಬ್ಬ ಕಲಾವಿದನ ದೃಷ್ಟಿ ಅವುಗಳ ಮೇಲೆ ಬಿದ್ದಿತು. ರಾಯ್ ಲಿಕ್ಟೆನ್‌ಸ್ಟೈನ್ (1923–1997) ಓಹಿಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಹಾಯ್ಟ್ ಶರ್ಮನ್ ಎಂಬ ಅಧ್ಯಾಪಕನ ಶಿಷ್ಯ. ಶರ್ಮನ್ ಕತ್ತಲೆಕೋಣೆಯಲ್ಲಿ ಚಿತ್ರವೊಂದನ್ನು ಕ್ಷಣಾರ್ಧ ಮಿಂಚಿಸಿ, ಕಣ್ಣಿನಲ್ಲಿ ಉಳಿದ ಬಿಂಬವನ್ನು ಕತ್ತಲೆಯಲ್ಲೇ ಬರೆಯುವಂತೆ ವಿದ್ಯಾರ್ಥಿಗಳನ್ನು ಪಳಗಿಸುತ್ತಿದ್ದನು. ನೋಡುವುದು ಎಂದರೇನು ಎಂಬ ಪ್ರಶ್ನೆ ಅಲ್ಲಿ ಬಿತ್ತಿದುದು. 1961ರಲ್ಲಿ ಲಿಕ್ಟೆನ್‌ಸ್ಟೈನ್ ‘ಲುಕ್ ಮಿಕಿ’ ಎಂಬ ಚಿತ್ರವನ್ನು ಬರೆದನು. ಮಿಕಿ ಮೌಸ್, ಡೊನಾಲ್ಡ್ ಡಕ್ ಇರುವ ಈ ಚಿತ್ರದಲ್ಲಿ, ನಾಯಿಯ ಮೈ ಬಾಚುವ ಕುಂಚವನ್ನು ಬಣ್ಣದಲ್ಲಿ ಅದ್ದಿ ಒತ್ತಿ, ಅಚ್ಚಿನ ಚುಕ್ಕೆಗಳನ್ನು ಕೈಯಿಂದ ಮೂಡಿಸಿದ್ದನು. ಮುಂದೆ ರಂಧ್ರಗಳುಳ್ಳ ತಗಡಿನ ಹಾಳೆಯನ್ನು ಬಳಸಲಾರಂಭಿಸಿದನು. 1963ರ ‘ವ್ಹಾಮ್!’ ಸುಮಾರು 1.7 ಮೀಟರು ಎತ್ತರ, 4 ಮೀಟರು ಅಗಲ.

ಅವನು ಮಾಡಿದುದೇನು? ಒಂದು ಮಾತಿನಲ್ಲಿ ಹೇಳುವುದಾದರೆ, ಚುಕ್ಕೆಯನ್ನು ಕಣ್ಣಿನ ಎಲ್ಲೆಯಿಂದ ಈಚೆಗೆ ಎಳೆದು ತಂದನು. ಚುಕ್ಕೆಗಳ ಅಂತರ ಐದು ಮಿಲಿಮೀಟರು ಇದ್ದರೆ ಅವು ಪೂರ್ತಿ ಮರೆಯಾಗಲು 17 ಮೀಟರು ಹಿಂದೆ ಸರಿಯಬೇಕು. ಯಾವ ಚಿತ್ರಶಾಲೆಯ ಕೊಠಡಿ ಅಷ್ಟು ದೊಡ್ಡದು? ನೋಡುಗನು ಎಲ್ಲಿ ನಿಂತರೂ ಚುಕ್ಕೆ ಚುಕ್ಕೆಯಾಗಿಯೇ ಉಳಿಯುತ್ತದೆ. ಮುಖವನ್ನೂ ಕಾಣುತ್ತೇವೆ, ಮುಖವನ್ನು ಮಾಡಿದ ಉಪಾಯವನ್ನೂ ಕಾಣುತ್ತೇವೆ. ಭೂತಗನ್ನಡಿಯ ಕೆಲಸವನ್ನು ಅವನು ಗೋಡೆಗೆ ತೂಗುಹಾಕಿದನು.

ಇದರಲ್ಲಿ ಒಂದು ಅನ್ಯಾಯವೂ ಸೇರಿಕೊಂಡಿದೆ. ‘ವ್ಹಾಮ್!’ ಚಿತ್ರಕ್ಕೆ ಆಧಾರ ಇರ್ವ್ ನೊವಿಕ್ ಬರೆದ ಯುದ್ಧಕಥೆಯೊಂದರ ಚೌಕ. 1963ರ ‘ಡ್ರೌನಿಂಗ್ ಗರ್ಲ್’ ಟೋನಿ ಅಬ್ರುಜೊ ಬರೆದ ಪ್ರೇಮಕಥೆಯದು. ಅವರ ಪುಸ್ತಕದ ಬೆಲೆ ಹನ್ನೆರಡು ಸೆಂಟು. ಲಿಕ್ಟೆನ್‌ಸ್ಟೈನನ 1964ರ ‘ನರ್ಸ್’ ಎಂಬ ಚಿತ್ರ 2015ರಲ್ಲಿ ಒಂಬತ್ತೂವರೆ ಕೋಟಿ ಡಾಲರಿಗೂ ಹೆಚ್ಚು ಬೆಲೆಗೆ ಹರಾಜಾಯಿತು. ಮೂಲ ಚಿತ್ರಕಾರರ ಹೆಸರು ಚಿತ್ರಗಳ ಮೇಲೆ ಇಲ್ಲ. ಕಲಾವಿದನು ಚೌಕವನ್ನು ಬದಲಿಸಿ ಹೊಸದಾಗಿಯೇ ಕಟ್ಟಿದನು ಎಂಬುದು ನಿಜ. ಆದರೂ ದೊಡ್ಡದು ಮಾಡಿದವನ ಹೆಸರು ಉಳಿದು, ಮೊದಲು ಬರೆದವನ ಹೆಸರು ಅಳಿಯುವುದನ್ನು ನಾವು ನ್ಯಾಯವೆನ್ನಲಾರೆವು. ಪಾಪ್ ಕಲೆಯನ್ನು ಮೆಚ್ಚುವವರು ಈ ಎರಡು ಹೆಸರುಗಳನ್ನಾದರೂ ನೆನಪಿಡಬೇಕು.

ಪುರಾವೆಗೂ ಭೂತಗನ್ನಡಿ

ಹೆಣಗಳಿಗೆ ವಿಧಿಸಿದ ನಿಷೇಧ ಬಹುಕಾಲ ನಡೆಯಿತು. 1971ರಲ್ಲಿ ನಿಯಮ ಸಡಿಲವಾಗಿ, ಹಳೆಯ ಸಾಹಿತ್ಯದಲ್ಲಿ ಸ್ಥಾನ ಪಡೆದ ಪಿಶಾಚಿಗಳಿಗೆ ಪ್ರವೇಶ ದೊರೆಯಿತು. ಅಂಥ ಸಾಹಿತ್ಯದ ಬೆಂಬಲವಿಲ್ಲದ ಜಾಂಬಿಗೆ ಆಗಲೂ ಬಾಗಿಲು ಮುಚ್ಚಿತ್ತು. ಮಾರ್ವೆಲ್ ಕಾಮಿಕ್ಸಿನವರು ‘ಜುವೆಂಬಿ’ ಎಂದು ಹೆಸರು ಬದಲಿಸಿ ಅದನ್ನು ಒಳಗೆ ಕರೆತಂದರು! 2003ರಲ್ಲಿ ರಾಬರ್ಟ್ ಕರ್ಕ್‌ಮನ್ ಬರೆದು, ಮೊದಲು ಟೋನಿ ಮೂರ್, ಅನಂತರ ಚಾರ್ಲಿ ಅಡ್ಲರ್ಡ್ ಚಿತ್ರಿಸಿದ ‘ದಿ ವಾಕಿಂಗ್ ಡೆಡ್’ ಆರಂಭವಾಗಿ, 193 ಸಂಚಿಕೆಗಳವರೆಗೆ ನಡೆದು 2019ರಲ್ಲಿ ಮುಗಿಯಿತು. ಅದರ ಪುಟಗಳಲ್ಲಿ ಬಣ್ಣವೇ ಇಲ್ಲ, ಕಪ್ಪು, ಬಿಳುಪು, ಬೂದು ಅಷ್ಟೆ. ಬಣ್ಣವಿಲ್ಲದೆಯೂ ಹೆಣ ಚೆನ್ನಾಗಿಯೇ ನಡೆಯಿತು. 1954ರ ನಿಯಮಾವಳಿ ಕೊನೆಯ ಪ್ರಕಾಶಕರೂ ಕೈಬಿಟ್ಟುದರಿಂದ 2011ರಲ್ಲಿ ತಾನೇ ಸತ್ತಿತು. ಅದೇ ವರ್ಷ ಅಮೆರಿಕ ಸರಕಾರದ ರೋಗನಿಯಂತ್ರಣ ಕೇಂದ್ರ, ವಿಪತ್ತುಗಳಿಗೆ ಸಿದ್ಧವಾಗಿರುವುದನ್ನು ಜನರಿಗೆ ಕಲಿಸಲು ಜಾಂಬಿ ಚಿತ್ರಕಥೆಯೊಂದನ್ನು ಹೊರತಂದಿತು.

ವರ್ಥಮನ ಪುರಾವೆಯ ಗತಿಯೇನಾಯಿತು? ಅಮೆರಿಕದ ರಾಷ್ಟ್ರೀಯ ಗ್ರಂಥಭಂಡಾರವಾದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದ್ದ ಅವನ ಕಾಗದಪತ್ರಗಳು 2010ರಲ್ಲಿ ಸಂಶೋಧಕರಿಗೆ ತೆರೆದುವು. ಇಲಿನಾಯ್ ವಿಶ್ವವಿದ್ಯಾನಿಲಯದ ಕ್ಯಾರೊಲ್ ಟಿಲ್ಲಿ ಎಂಬ ವಿದ್ವಾಂಸೆ ಅವನ ಮೂಲ ಟಿಪ್ಪಣಿಗಳನ್ನೂ ಅಚ್ಚಾದ ಗ್ರಂಥವನ್ನೂ ಎದುರುಬದುರಿಟ್ಟು ಓದಿ, 2012ರಲ್ಲಿ ತನ್ನ ಫಲಿತಾಂಶವನ್ನು ಪ್ರಕಟಿಸಿದಳು. ಕೆಲವೆಡೆ ಬೇರೆ ಬೇರೆಯವರು ಹೇಳಿದುದನ್ನು ಒಬ್ಬನ ಬಾಯಲ್ಲಿ ಹಾಕಿತ್ತು; ಕೆಲವೆಡೆ ಮಗುವಿನ ಬಾಳಿನ ಇತರ ಕಷ್ಟಗಳನ್ನು ಬಿಟ್ಟು ಚಿತ್ರಕಥೆಯೊಂದನ್ನೇ ಕಾರಣವಾಗಿ ನಿಲ್ಲಿಸಿತ್ತು. ದೂರದಿಂದ ಒಂದೇ ಬಣ್ಣವಾಗಿ ಕಂಡ ವಾದ, ಹತ್ತಿರದಿಂದ ನೋಡಿದಾಗ ಬಿಡಿಬಿಡಿಯಾದ ಚುಕ್ಕೆಗಳಾಗಿ ಒಡೆಯಿತು.

ವರ್ಥಮ್ ದುಷ್ಟನಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ ಬಡ ಕರಿಯ ಜನರಿಗಾಗಿ 1946ರಲ್ಲಿ ಚಿಕಿತ್ಸಾಲಯ ತೆರೆದವನು. ವರ್ಣಭೇದದ ಶಾಲೆಗಳು ಮಕ್ಕಳ ಮನಸ್ಸಿಗೆ ಮಾಡುವ ಕೇಡನ್ನು ಕುರಿತು ನ್ಯಾಯಾಲಯದಲ್ಲಿ ಸಾಕ್ಷಿ ನುಡಿದವನು. ಸದುದ್ದೇಶವಿದ್ದವನೂ ಪುರಾವೆಯನ್ನು ತಿದ್ದಬಹುದು ಎಂಬುದೇ ಇಲ್ಲಿನ ಪಾಠ. ಜೊತೆಗೆ ಅವನ ವಾದದಲ್ಲಿ ಇನ್ನೊಂದು ದೋಷವೂ ಇತ್ತು. ಆ ಕಾಲದ ಅಮೆರಿಕದಲ್ಲಿ ಹೆಚ್ಚುಕಡಿಮೆ ಎಲ್ಲ ಮಕ್ಕಳೂ ಚಿತ್ರಕಥೆ ಓದುತ್ತಿದ್ದರು. ಅಪರಾಧ ಮಾಡಿದ ಮಕ್ಕಳು ಚಿತ್ರಕಥೆ ಓದಿದ್ದರು ಎನ್ನುವುದು, ಸೆರೆಮನೆಯಲ್ಲಿರುವವರೆಲ್ಲ ಅನ್ನ ಉಂಡವರೆಂದು ಹೇಳಿ ಅಕ್ಕಿಯನ್ನು ನಿಷೇಧಿಸಿದಂತೆ. ಓದಿದವರನ್ನೂ ಓದದವರನ್ನೂ ಹೋಲಿಸಿ ನೋಡದೆ ಕಾರಣವನ್ನು ನಿರ್ಣಯಿಸಲಾಗದು. ಭಯಾನಕ ಕಥೆಗಳಿಂದ ಯಾರಿಗೂ ಏನೂ ಆಗದೆಂದು ಇದರಿಂದ ಸಿದ್ಧವಾಗುವುದಿಲ್ಲ. ಕನಸಿನಲ್ಲಿ ಬೆಚ್ಚುವ ಪುಟ್ಟ ತಮ್ಮತಂಗಿಯರ ಕೈಗೆ ಇವನ್ನು ಕೊಡದಿರುವುದೇ ಲೇಸು. ಆದರೆ ಒಂದು ಇಡೀ ಕಲೆಯ ಬಾಯಿ ಕಟ್ಟುವುದಕ್ಕೆ ಆ ಪುರಾವೆ ಸಾಲದಾಗಿತ್ತು.

ನೀವೇ ಮಾಡಿ ನೋಡಿ

ವಾಚಕರು ಈ ಮಾತುಗಳನ್ನೂ ಹಾಗೆಯೇ ನಂಬಬೇಕಾಗಿಲ್ಲ. ದೊಡ್ಡದೊಂದು ಬಿಳಿಯ ಹಾಳೆ, ಹಳದಿ, ಗುಲಾಬಿಗೆಂಪು ಮತ್ತು ಆಕಾಶನೀಲಿ ಬಣ್ಣಗಳು, ಹಿಂತುದಿಯಲ್ಲಿ ರಬ್ಬರಿರುವ ಮೂರು ಪೆನ್ಸಿಲುಗಳು ಇದ್ದರೆ ಸಾಕು. ಪೆನ್ಸಿಲಿನ ರಬ್ಬರು ಸುಮಾರು 6 ಮಿಲಿಮೀಟರು ಅಗಲದ ದುಂಡು ಚುಕ್ಕೆಯನ್ನು ಒತ್ತುತ್ತದೆ. ಹಾಳೆಯ ಮೇಲೆ ಒಂದೊಂದು ಸೆಂಟಿಮೀಟರಿನ ಚೌಕಗಳನ್ನು ತೆಳುವಾಗಿ ಗೀಚಿ, ಚೌಕಕ್ಕೊಂದು ಚುಕ್ಕೆ ಇಟ್ಟರೆ ಮಸಿ ಆವರಿಸುವ ಭಾಗ ಶೇಕಡ 28, ಚಿತ್ರಕಥೆಯ ಕಾಲು ಪ್ರಮಾಣಕ್ಕೆ ಬಹಳ ಹತ್ತಿರ. ಚೌಕ ಏಳೂವರೆ ಮಿಲಿಮೀಟರಿನದಾದರೆ ಸರಿಯಾಗಿ ಶೇಕಡ 50. ಎರಡನೆಯ ಬಣ್ಣದ ಚೌಕಗಳನ್ನು ಮೂವತ್ತು ಡಿಗ್ರಿ ಓರೆಯಾಗಿ ಎಳೆಯುವುದನ್ನು ಮರೆಯಬಾರದು.

ಒಂದೇ ಮುಖವನ್ನು ಕಪ್ಪು ಗೆರೆಯಲ್ಲಿ ಎರಡು ಸಲ ಬರೆಯಿರಿ. ಒಂದಕ್ಕೆ ಹಳದಿ ಮತ್ತು ಕೆಂಪು, ಇನ್ನೊಂದಕ್ಕೆ ಹಳದಿ ಮತ್ತು ನೀಲಿ ಚುಕ್ಕೆಗಳನ್ನು ತುಂಬಿರಿ. ಎರಡನ್ನೂ ಶಾಲೆಯ ಉದ್ದನೆಯ ಮೊಗಸಾಲೆಯ ಒಂದು ಕೊನೆಯಲ್ಲಿ ತೂಗುಹಾಕಿ, ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿಯುತ್ತ, ಮೊದಲು ಯಾವ ಬಣ್ಣದ ಚುಕ್ಕೆ ಮಾಯವಾಯಿತು, ಎಷ್ಟು ಮೀಟರಿನಲ್ಲಿ ಬಣ್ಣ ಬೆರೆಯಿತು ಎಂಬುದನ್ನು ಬರೆದಿಟ್ಟುಕೊಳ್ಳಿ. ನಮ್ಮ ಲೆಕ್ಕದಂತೆ ಹತ್ತು ಮಿಲಿಮೀಟರು ಅಂತರಕ್ಕೆ ಬಣ್ಣ ಬೆರೆಯುವುದು ಸುಮಾರು 7 ಮೀಟರಿನಲ್ಲಿ. ಚುಕ್ಕೆಗಳು ಪೂರ್ತಿ ಅಳಿಯುವುದು ಸುಮಾರು 34 ಮೀಟರಿನಲ್ಲಿ. ನಿಮ್ಮ ಅಳತೆ ಬೇರೆಯಾದರೆ ಬೆಳಕು ಮಂದವಾಗಿತ್ತೆ, ಕಣ್ಣಿಗೆ ಕನ್ನಡಕ ಬೇಕಾಗಿದೆಯೆ, ಇಲ್ಲವೆ ನಮ್ಮ ಅಂದಾಜೇ ನಿಮ್ಮ ಬಣ್ಣಗಳಿಗೆ ಒಪ್ಪದೆಂದೋ, ವಿಚಾರಿಸಿ ನೋಡಿ. ಗೆಳೆಯರ ಅಳತೆಗಳನ್ನೂ ಕೂಡಿಸಿ ಸರಾಸರಿ ತೆಗೆದರೆ ಇನ್ನೂ ಒಳ್ಳೆಯದು.

ಆಗ ಒಂದು ಸಂಗತಿ ತಾನಾಗಿ ಮನದಟ್ಟಾಗುವುದು. ಹತ್ತಿರದಲ್ಲಿ ಎರಡು ಹಾಳೆಗಳೂ ಬರಿಯ ಚುಕ್ಕೆಗಳು. ಅವುಗಳಲ್ಲಿ ಜೀವವೂ ಇಲ್ಲ, ಸಾವೂ ಇಲ್ಲ. ದೂರ ಸರಿದಂತೆ ಒಬ್ಬನು ಬದುಕಿರುವ ಮನುಷ್ಯನಾಗುತ್ತಾನೆ, ಮತ್ತೊಬ್ಬನು ಎದ್ದು ನಿಂತ ಹೆಣವಾಗುತ್ತಾನೆ. ಅವನನ್ನು ಎಬ್ಬಿಸಿದ ಮಾಟಗಾರ ಹೈಟಿಯಲ್ಲೂ ಇಲ್ಲ, ಅಚ್ಚುಕೂಟದಲ್ಲೂ ಇಲ್ಲ; ಮೊಗಸಾಲೆಯ ಈ ಕೊನೆಯಲ್ಲಿ ನಿಂತು ನೋಡುತ್ತಿರುವ ಕಣ್ಣೇ ಅವನು.